ಕುದುರೆ ಕೊಳ್ಳುವವರೇ, ತಳಿ ಕೊನೆಗೆ ಕೇಳಿ

"ಪಕ್ಕಾ ಮಾರ್ವಾಡಿ, 62 ಇಂಚು, ದೇವಮಣಿ ಸುಳಿ, ಮಕ್ಕಳೂ ಹತ್ತಬಹುದು, ಅರ್ಜೆಂಟ್ ಸೇಲ್."

ಮೊಬೈಲಿನಲ್ಲಿ ಬರುವ ಕುದುರೆ ಜಾಹೀರಾತು ಹೆಚ್ಚುಕಮ್ಮಿ ಎಲ್ಲಾ ಹೀಗೇ ಇರುತ್ತವೆ. ಜೊತೆಗೊಂದು ವಿಡಿಯೋ. ಕುದುರೆ ಹಿಂಗಾಲ ಮೇಲೆ ಎದ್ದು ನಿಲ್ಲುತ್ತದೆ, ಹಿಂದೆ ಡಿಜೆ ಹಾಡು, ಕೆಳಗೆ ಬೆಂಕಿ ಎಮೋಜಿ. ಅದಕ್ಕೆ ವಯಸ್ಸೆಷ್ಟು, ಇಷ್ಟು ದಿನ ಏನು ಕೆಲಸ ಮಾಡಿಕೊಂಡಿತ್ತು, ಯಾಕೆ ಮಾರುತ್ತಿದ್ದಾರೆ, ಯಾವ ಲಸಿಕೆ ಆಗಿದೆ ಅನ್ನೋದು ಮಾತ್ರ ಎಲ್ಲೂ ಇರುವುದಿಲ್ಲ.

ಧಾರವಾಡದ ಸುತ್ತಮುತ್ತ ನನ್ನ ಪರಿಚಯದವರು ಕುದುರೆ ನೋಡಲು ಹೊರಟರೆ ನನ್ನನ್ನೂ ಗಾಡಿಗೆ ಹತ್ತಿಸಿಕೊಳ್ಳುತ್ತಾರೆ. ನಾನು ಡಾಕ್ಟರೂ ಅಲ್ಲ, ದಲ್ಲಾಳಿಯೂ ಅಲ್ಲ. ಮನೆಯಲ್ಲಿ ಅಜ್ಜನ ಕಾಲದಿಂದ ಕುದುರೆ ಕಟ್ಟಿಕೊಂಡು ಬಂದಿದ್ದೇವೆ, ಅಷ್ಟೇ. ದಾರಿಯುದ್ದಕ್ಕೂ ಅವರು ಕೇಳುವುದು ಒಂದೇ ಪ್ರಶ್ನೆ. ಮಾರ್ವಾಡಿ ತಗೊಳ್ಳೋದಾ, ಕಾಠಿಯಾವಾಡಿ ತಗೊಳ್ಳೋದಾ, ರೇಸ್ ಕುದುರೆ ತಗೊಳ್ಳೋದಾ? ನನ್ನ ಉತ್ತರವೂ ಒಂದೇ. ತಳಿಯ ಮಾತು ಕೊನೆಗೆ ಇರಲಿ. ಮೊದಲು ಅದರ ಕಾಲು ನೋಡಿ, ಬಾಯಿ ನೋಡಿ, ನಿನ್ನೆ ಮೊನ್ನೆವರೆಗೂ ಅದು ಏನು ಮಾಡಿಕೊಂಡಿತ್ತು ಕೇಳಿ. ಯಾರಿಗೂ ಈ ಉತ್ತರ ಹಿಡಿಸುವುದಿಲ್ಲ. ಅದಕ್ಕೇ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಈ 'ಪಕ್ಕಾ ಮಾರ್ವಾಡಿ' ವಿಷಯ. ನಮ್ಮ ಕಡೆ ಮಾತುಕತೆ ನಡೆಯುವುದು ಹೀಗೆ:

"ಅಣ್ಣಾರ, ಪಕ್ಕಾ ಮಾರ್ವಾಡಿ ಐತ್ರಿ. ಕಿವಿ ನೋಡ್ರಿ, ಹೆಂಗ ಕೂಡ್ಯಾವ!"

"ಪೇಪರ್ ಅದಾವೇನ್ರಿ?"

"ಪೇಪರ್ ಯಾಕ್ರಿ, ಕುದುರಿನ ಕಣ್ಮುಂದ ನಿಂತೈತಲ್ಲ."

ಕಿವಿ ಒಳಕ್ಕೆ ಬಾಗಿ ತುದಿ ತುದಿ ಕೂಡುವುದು ಮಾರ್ವಾಡಿಯ ಲಕ್ಷಣ, ನಿಜ. ಆದರೆ ಸೌರಾಷ್ಟ್ರದ ಕಾಠಿಯಾವಾಡಿಗೂ ಅದೇ ಕಿವಿ. ಎರಡರ ಬೆರಕೆಗೂ ಅದೇ ಕಿವಿ ಬರಬಹುದು. ಎತ್ತರ ಜಾಸ್ತಿ ಇದ್ದರೆ ರೇಟು ಜಾಸ್ತಿ ಎಂದು ರೇಸಿನ ಥರೋಬ್ರೆಡ್ ಗಂಡಿಗೆ ಕೂಡಿಸಿ ಹುಟ್ಟಿಸಿದ ಮರಿಗೂ ಒಮ್ಮೊಮ್ಮೆ ಬಾಗಿದ ಕಿವಿ ಇರುತ್ತದೆ. ಅಂದರೆ ಆ ರಕ್ತ ಒಂದಿಷ್ಟು ಇದೆ ಎನ್ನುವುದಕ್ಕೆ ಕಿವಿ ಸಾಕ್ಷಿ. ಎಷ್ಟಿದೆ ಎನ್ನುವುದಕ್ಕಲ್ಲ. ತಳಿಗೆಂದೇ ಹೆಚ್ಚು ದುಡ್ಡು ಕೊಡುವುದಾದರೆ ನೋಂದಣಿ ಕಾಗದ ಕೇಳಿ, ಅದರಲ್ಲಿ ಬರೆದ ಬಣ್ಣ, ಬಿಳಿ ಗುರುತು, ಸುಳಿ ಎಲ್ಲವನ್ನೂ ಎದುರಿಗಿರುವ ಕುದುರೆಯ ಜೊತೆ ತಾಳೆ ಹಾಕಿ. ಕಾಗದ ಇಲ್ಲದಿದ್ದರೆ ಬೇಜಾರಿಲ್ಲ, ಒಳ್ಳೆಯ ಕುದುರೆ ಇರಬಹುದು. ಆದರೆ ಹೆಸರಿಗೆ ಅಂತ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ.

ಈ ವ್ಯಾಪಾರದಲ್ಲಿ ಜಾಣತನ ಇವತ್ತಿನದಲ್ಲ. ನಮ್ಮ ದಕ್ಷಿಣದ ರಾಜರಿಗೆ ಯುದ್ಧದ ಕುದುರೆ ಹೊರಗಿನಿಂದಲೇ ಬರಬೇಕಿತ್ತು. ಪರ್ಷಿಯಾ ಕೊಲ್ಲಿಯ ಹೊರ್ಮೂಜ್ ಕಡೆಯಿಂದ ಹಡಗಿನಲ್ಲಿ ತಂದು ಗೋವಾ, ಭಟ್ಕಳದಂಥ ಬಂದರುಗಳಲ್ಲಿ ಇಳಿಸುತ್ತಿದ್ದರು. ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ 16ನೇ ಶತಮಾನದಲ್ಲಿ ಬರೆದಿಟ್ಟಿದ್ದಾನೆ. ವಿಜಯನಗರದ ರಾಜ ಸಾಳುವ ನರಸಿಂಹ ಸಾವಿರ ಪರ್ದಾವೊಗೆ (ಆಗಿನ ಚಿನ್ನದ ನಾಣ್ಯ) ಮೂರರಂತೆ ಕುದುರೆ ಕೊಳ್ಳುತ್ತಿದ್ದನಂತೆ, ಸತ್ತಿದ್ದರೂ ಸರಿ, ಬದುಕಿದ್ದರೂ ಸರಿ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಜೀವಂತ ಕುದುರೆಯ ದುಡ್ಡು ಎಣಿಸುತ್ತಿದ್ದನಂತೆ! ಅದಕ್ಕೂ ಮುಂಚೆ, 13ನೇ ಶತಮಾನದಲ್ಲಿ, ತಮಿಳು ಕರಾವಳಿಯ ಬಗ್ಗೆ ಮಾರ್ಕೊ ಪೋಲೊ ಹೇಳಿದ್ದು ಇನ್ನೂ ಚೆನ್ನಾಗಿದೆ. ಅಲ್ಲಿಗೆ ಕುದುರೆ ವೈದ್ಯರು ಹೋಗದಂತೆ ವ್ಯಾಪಾರಿಗಳೇ ನೋಡಿಕೊಳ್ಳುತ್ತಿದ್ದರಂತೆ. ಕುದುರೆ ಬೇಗ ಸತ್ತರೆ ಮುಂದಿನ ವರ್ಷ ಮತ್ತೆ ವ್ಯಾಪಾರ, ಅಲ್ವಾ? ಹಂಪಿಗೆ ಹೋದವರು ಹಜಾರ ರಾಮ ಗುಡಿಯ ಹೊರಗೋಡೆಯಲ್ಲಿ ಸಾಲುಗಟ್ಟಿದ ಕುದುರೆಗಳನ್ನು ನೋಡಿರುತ್ತೀರಿ. ಅವನ್ನು ಹಿಡಿದು ನಡೆಯುವವರನ್ನೂ ಒಂದು ಸಲ ನೋಡಿ.

ಈಗ ರೇಸ್ ಕುದುರೆಗೆ ಬರೋಣ. ನನಗೆ ಹೆಚ್ಚು ಸಿಟ್ಟು ಬರುವುದು ಇಲ್ಲೇ.

ಬೆಂಗಳೂರು, ಮೈಸೂರಿನಲ್ಲಿ ಓಡುವ ಥರೋಬ್ರೆಡ್‌ಗಳು ಎರಡು ವರ್ಷಕ್ಕೆಲ್ಲ ಓಟಕ್ಕಿಳಿಯುತ್ತವೆ. ಐದಾರು ವರ್ಷ ಆಗುವಷ್ಟರಲ್ಲಿ ಹೆಚ್ಚಿನವುಗಳ ಆಟ ಮುಗಿದಿರುತ್ತದೆ. ಮುಂಗಾಲಿನ ನರ ಊದಿಕೊಂಡಿರುತ್ತದೆ, ಇಲ್ಲವೇ ಉಸಿರಿನ ತೊಂದರೆ, ಇಲ್ಲವೇ ಸುಮ್ನೆ ಗೆಲ್ಲುತ್ತಿರುವುದಿಲ್ಲ. ಕುದುರೆ 25 ವರ್ಷ, 30 ವರ್ಷ ಬದುಕುವ ಪ್ರಾಣಿ. ಉಳಿದ 20 ವರ್ಷ ಅದಕ್ಕೆ ಮೇವು ಹಾಕುವವರು ಯಾರು? ಚೆನ್ನಾಗಿ ಓಡಿದ್ದು ಮರಿ ಹಾಕಿಸಲು ಸ್ಟಡ್ ಫಾರ್ಮ್ ಸೇರುತ್ತದೆ. ಅದೃಷ್ಟ ಇದ್ದದ್ದು ಪೊಲೀಸ್ ಅಶ್ವದಳಕ್ಕೋ ಒಳ್ಳೆಯ ಸವಾರಿ ಶಾಲೆಗೋ ಹೋಗುತ್ತದೆ. ಮಿಕ್ಕಿದ್ದು ಕೈಯಿಂದ ಕೈಗೆ ಇಳಿಯುತ್ತದೆ. ಲಕ್ಷಗಟ್ಟಲೆ ಕೊಟ್ಟು ತಂದ ಕುದುರೆಯನ್ನು ಹೊರಗೆ ಕಳಿಸುವಾಗ ಪುಕ್ಕಟೆ ಕೊಡುವವರೂ ಇದ್ದಾರೆ. ಅಲ್ಲಿಂದ ರೆಸಾರ್ಟು, ಅಲ್ಲಿಂದ ಮದುವೆ ಮೆರವಣಿಗೆ, ಅಲ್ಲಿಂದ ಸಂಜೆ ಹೊತ್ತು ಮಕ್ಕಳನ್ನು ಹತ್ತಿಸಿಕೊಳ್ಳುವ ಬೀದಿ. ಒಂದೊಂದು ಕೈ ದಾಟಿದಾಗಲೂ ರೇಟು ಇಳಿಯುತ್ತದೆ, ಮೈ ಇಳಿಯುತ್ತದೆ. ಕಾಗದವಂತೂ ಮೊದಲ ಕೈಯಲ್ಲೇ ಕಳೆದುಹೋಗಿರುತ್ತದೆ.

ಇಂಥ ಕುದುರೆಯನ್ನೇ ಹೊಸಬರು ಮೋಹಕ್ಕೆ ಬಿದ್ದು ತರುತ್ತಾರೆ. ನೋಡಲು ಚಂದ, ಎತ್ತರ ಇದೆ, ಚರ್ಮ ಹೊಳೆಯುತ್ತದೆ, ಮೇಲೆ ಅಗ್ಗ ಬೇರೆ. ಆದರೆ ಅದು ಕಲಿತದ್ದು ಒಂದೇ ಪಾಠ, ಮುಂದಕ್ಕೆ ಓಡು. ಕಡಿವಾಣ ಬಿಗಿ ಹಿಡಿದರೆ ನಿಲ್ಲಬೇಕು ಎಂದು ನಾವು ಅಂದುಕೊಂಡಿರುತ್ತೇವೆ. ಜಾಕಿ ಬಿಗಿ ಹಿಡಿದರೆ ಅದು ಇನ್ನೂ ವೇಗ ಹೆಚ್ಚಿಸಿ ಅಭ್ಯಾಸ. ಹಳ್ಳಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಹಾರ್ನ್ ಹೊಡೆದರೆ ಮುಗಿಯಿತು ಕಥೆ. ತಿಂಗಳುಗಟ್ಟಲೆ ಮೈದಾನದಲ್ಲಿ ಬಿಟ್ಟು, ನಿಧಾನಕ್ಕೆ ಹೊಸದಾಗಿ ಕಲಿಸಿದರೆ ಇವೇ ಕುದುರೆಗಳು ಬಂಗಾರದಂಥವಾಗುತ್ತವೆ, ಅದರಲ್ಲಿ ಅನುಮಾನವಿಲ್ಲ. ಆ ತಿಂಗಳುಗಳನ್ನು ಕೊಡಲು ನಿಮ್ಮ ಹತ್ತಿರ ಒಬ್ಬ ಅನುಭವಿ ಕಾಸ್ತಾರ, ಅಂದರೆ ಕುದುರೆ ನೋಡಿಕೊಳ್ಳುವವ, ಇದ್ದಾನೆಯೇ? ಇಲ್ಲದಿದ್ದರೆ ಕೈ ಹಾಕಬೇಡಿ.

ರೇಸಿನ ಕುದುರೆ ಎಂದು ಹೇಳಿ ಮಾರುತ್ತಿದ್ದರೆ ಒಂದು ಕೆಲಸ ಮಾಡಬಹುದು. ಈಗಿನ ಥರೋಬ್ರೆಡ್‌ಗಳ ಕುತ್ತಿಗೆಯೊಳಗೆ ಮೈಕ್ರೋಚಿಪ್ ಇರುತ್ತದೆ. ಸ್ಕ್ಯಾನರ್ ಇರುವ ಡಾಕ್ಟರನ್ನು ಕರೆದುಕೊಂಡು ಹೋದರೆ ನಂಬರು ಸಿಗುತ್ತದೆ. ನಂಬರು ಸಿಕ್ಕರೆ ಪುಣೆಯ ಸ್ಟಡ್ ಬುಕ್ ಪ್ರಾಧಿಕಾರದ ದಾಖಲೆಯಲ್ಲಿ ಅಪ್ಪ ಅಮ್ಮ, ಹುಟ್ಟಿದ ವರ್ಷ ಎಲ್ಲ ಇರುತ್ತದೆ. ಮಾರುವವ "ಆರು ವರ್ಷ ಸಾರ್" ಎಂದದ್ದು ಹನ್ನೊಂದು ಆಗುವುದು ಅಲ್ಲೇ. ನನ್ನ ಪ್ರಕಾರ ಮಾಲೀಕರು ಗೆದ್ದ ದುಡ್ಡಿನಲ್ಲಿ ಒಂದು ಪಾಲನ್ನು ಕುದುರೆಯ ಮುಂದಿನ ಬದುಕಿಗೆ ಕಡ್ಡಾಯವಾಗಿ ಎತ್ತಿಡಬೇಕು. ರೇಸ್ ಬಿಟ್ಟ ಕುದುರೆ ಯಾರ ಮನೆಗೆ ಹೋಯಿತು ಎಂಬ ಲೆಕ್ಕ ಎಲ್ಲರಿಗೂ ಕಾಣುವ ಹಾಗೆ ಇರಬೇಕು. ಇದನ್ನು ಹೇಳಿದರೆ ಕೆಲವರು ನಗುತ್ತಾರೆ. ನಗಲಿ.

ಬಾಯಿ ನೋಡುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಮುಂದಿನ ಹಾಲುಹಲ್ಲು ಜೋಡಿ ಜೋಡಿಯಾಗಿ ಬೀಳುತ್ತವೆ. ನಡುವಿನ ಜೋಡಿ ಎರಡೂವರೆ ವರ್ಷಕ್ಕೆ, ಪಕ್ಕದ್ದು ಮೂರೂವರೆಗೆ, ಮೂಲೆಯದ್ದು ನಾಲ್ಕೂವರೆಗೆ. ಐದಕ್ಕೆ ಎತ್ತಿಗೆ ಹೇಳುವ ಹಾಗೆ ಬಾಯಿಗೂಡುತ್ತದೆ, ಅಂದರೆ ಮುಂದಿನ ಹಲ್ಲೆಲ್ಲ ಬದಲಾಗಿರುತ್ತದೆ. ಅಲ್ಲಿಯವರೆಗೆ ಲೆಕ್ಕ ಸುಲಭ. ಆಮೇಲೆ ಕೆಳಹಲ್ಲಿನ ಮೇಲಿರುವ ಕಪ್ಪು ಗುಳಿಗಳು ಸವೆಯುತ್ತಾ ಹೋಗುತ್ತವೆ, ಎಂಟರ ಹೊತ್ತಿಗೆ ಬಹುತೇಕ ಮಾಯ. ಹತ್ತರ ಸುಮಾರಿಗೆ ಮೇಲಿನ ಮೂಲೆಹಲ್ಲಿನ ಹೊರಮೈಯಲ್ಲಿ ಒಸಡಿನ ಹತ್ತಿರ ಒಂದು ಕಂದು ಗೆರೆ ಹುಟ್ಟುತ್ತದೆ. 15ಕ್ಕೆ ಅದು ಹಲ್ಲಿನ ಅರ್ಧದವರೆಗೆ ಇಳಿದಿರುತ್ತದೆ. ವಯಸ್ಸಾದಷ್ಟೂ ಹಲ್ಲು ಮುಂದಕ್ಕೆ ಚಾಚುತ್ತದೆ. ಕಾದ ಕಬ್ಬಿಣದಿಂದ ಹಲ್ಲಿನ ಮೇಲೆ ಗುಳಿ ಸುಟ್ಟು ವಯಸ್ಸು ಇಳಿಸುವುದು ಈ ವ್ಯಾಪಾರದ ಬಹಳ ಹಳೆಯ ಮೋಸ. ಆದರೆ ಹಲ್ಲಿನ ಓರೆಯನ್ನು ಯಾರೂ ಸುಟ್ಟು ಸರಿ ಮಾಡಲಾರರು. ಪಕ್ಕದಿಂದ ನೋಡಿ.

ಕಾಲಿನ ಪರೀಕ್ಷೆಗೆ ಇನ್ನೂ ಹೆಚ್ಚು ಹೊತ್ತು ಕೊಡಿ. ಹೇಳದೆ ಹೋಗಿ, ಬೆಳಿಗ್ಗೆ ಹೋಗಿ, ಕುದುರೆಯನ್ನು ಅದರ ಲಾಯದಲ್ಲೇ ನೋಡಿ. ನೀವು ಹೋಗುವಷ್ಟರಲ್ಲಿ ಅದು ಬೆವರಿಕೊಂಡು ನಿಂತಿದ್ದರೆ ಒಂದೋ ಕುಂಟು ಬಿಡಿಸಲು ಓಡಾಡಿಸಿದ್ದಾರೆ, ಇಲ್ಲವೇ ಸೊಕ್ಕು ಇಳಿಸಲು ಓಡಿಸಿದ್ದಾರೆ. ಗಟ್ಟಿ ನೆಲದ ಮೇಲೆ ನಡೆಸಿ, ಆಮೇಲೆ ಹಗ್ಗ ಸಡಿಲ ಬಿಟ್ಟು ಸಣ್ಣಗೆ ಓಡಿಸಲು ಹೇಳಿ. ನೋವಿರುವ ಮುಂಗಾಲು ನೆಲಕ್ಕೆ ತಾಗಿದಾಗ ಕುದುರೆ ತಲೆ ಮೇಲೆತ್ತುತ್ತದೆ. ವಿಡಿಯೋದಲ್ಲಿ ಇದು ಕಾಣುವುದಿಲ್ಲ. ಎದ್ದು ನಿಂತು ಕುಣಿಯುವ ಕುದುರೆಯ ವಿಡಿಯೋ ಕಳಿಸುವುದೂ ಒಮ್ಮೊಮ್ಮೆ ಅದಕ್ಕೇ. ನಾಲ್ಕೂ ಗೊರಸು ಎತ್ತಿ ತಳ ನೋಡಿ, ಮೂಗಿನ ಹತ್ತಿರ ತನ್ನಿ. ಕಪ್ಪಗೆ ಕೊಳೆತು ನಾರುತ್ತಿದ್ದರೆ ಇವರ ಲಾಯದ ಗುಟ್ಟು ಗೊತ್ತಾಗುತ್ತದೆ. ಗೊರಸು ಎತ್ತಲು ಬಿಡದ ಕುದುರೆಗೆ ನಾಳೆ ಲಾಳ ಕಟ್ಟುವವರು ಯಾರು?

ನೋವಿನ ಇಂಜೆಕ್ಷನ್ ಕೊಟ್ಟರೆ ಒಂದೆರಡು ದಿನ ಕುಂಟು ಮುಚ್ಚಿಹೋಗುತ್ತದೆ. ಮಂಪರಿನ ಇಂಜೆಕ್ಷನ್ ಕೊಟ್ಟರೆ ಒದೆಯುವ ಕುದುರೆಯೂ ಹಸುವಿನ ಹಾಗೆ ನಿಲ್ಲುತ್ತದೆ. ಕೆಳತುಟಿ ಜೋತುಬಿದ್ದು ತಲೆ ತಗ್ಗಿಸಿ ನಿಂತಿದ್ದರೆ "ಎಷ್ಟು ಸಾಧು" ಎಂದು ಹಿಗ್ಗಬೇಡಿ. ನಾಲ್ಕೈದು ದಿನ ಬಿಟ್ಟು ಇನ್ನೊಮ್ಮೆ ಹೋಗಿ. "ನಾಳೆ ಬೇರೆ ಪಾರ್ಟಿ ಬರ್ತಾರ, ಈಗ್ಲೇ ಅಡ್ವಾನ್ಸ್ ಕೊಡ್ರಿ" ಅಂದರೆ, ಆ ಪಾರ್ಟಿಯೇ ಕೊಳ್ಳಲಿ ಬಿಡಿ.

ಸುಳಿಯ ಬಗ್ಗೆ ಬರೆದರೆ ಜಗಳ ಆಗುತ್ತದೆ, ಗೊತ್ತು. ಕುತ್ತಿಗೆಯ ದೇವಮಣಿಗೆ ದುಡ್ಡು ಜಾಸ್ತಿ, ಕಣ್ಣಿನ ಕೆಳಗೆ ಸುಳಿ ಇದ್ದರೆ ಯಜಮಾನನಿಗೆ ಕಣ್ಣೀರು, ನಾಲ್ಕು ಕಾಲು ಮತ್ತು ಮುಖ ಬೆಳ್ಳಗಿದ್ದರೆ ಪಂಚಕಲ್ಯಾಣಿ. ಸುಳಿ ಎಂದರೆ ಕೂದಲು ಸುತ್ತಿಕೊಂಡು ಬೆಳೆದ ಜಾಗ, ಅಷ್ಟೇ. ಕಾಲು, ಉಸಿರು, ಗುಣ ಎಲ್ಲಾ ಚೆನ್ನಾಗಿರುವ ಕುದುರೆ ಕೂದಲಿನ ದೆಸೆಯಿಂದ ಅರ್ಧ ರೇಟಿಗೆ ಬರುತ್ತದೆ. ನಂಬಿಕೆ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇಲ್ಲ. ನಂಬಿಕೆ ಇದ್ದವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ. ಆದರೆ ಒಂದು ಮಾತು. ನೀವು ಸುಳಿ ನೋಡದೆ ತಂದರೂ ನಾಳೆ ಮಾರುವಾಗ ಕೊಳ್ಳುವವನು ನೋಡುತ್ತಾನೆ.

ಬಿಳಿ ಕುದುರೆಗೂ ಹೀಗೇ. ಮದುವೆ ಸೀಸನ್ನಿನ ದೆಸೆಯಿಂದ ಅದಕ್ಕೆ ಎಲ್ಲಿಲ್ಲದ ಬೇಡಿಕೆ. ಹುಟ್ಟಿನಿಂದಲೇ ಬಿಳಿ, ಕೆಂಪು ಚರ್ಮದ್ದನ್ನು ವ್ಯಾಪಾರಿಗಳು ನುಕ್ರಾ ಅನ್ನುತ್ತಾರೆ. ಬೇರೆ ಹಲವು ಹುಟ್ಟುವಾಗ ಕಪ್ಪೋ ಕಂದೋ ಇದ್ದು ವರ್ಷ ಹೋದ ಹಾಗೆ ಬೆಳ್ಳಗಾಗುವಂಥವು, ಅವುಗಳ ಚರ್ಮ ಕಪ್ಪು. ಈ ಎರಡನೇ ಥರದ್ದು ವಯಸ್ಸಾದ ಮೇಲೆ ಬಾಲದ ಬುಡದಲ್ಲಿ ಕಪ್ಪು ಗಂಟು ಕಟ್ಟಿಕೊಳ್ಳುವುದುಂಟು. ಬಾಲ ಎತ್ತಿ ನೋಡಲು ನಾಚಿಕೆ ಬೇಡ. ಮೆರವಣಿಗೆಯಲ್ಲಿ ದುಡಿದ ಕುದುರೆಯಾದರೆ ಬಾಯಿಯ ಮೂಲೆಯನ್ನೂ ನೋಡಿ. ಮುಳ್ಳಿನ ಕಡಿವಾಣವನ್ನು 1965ರ ನಿಯಮದಲ್ಲೇ ನಿಷೇಧಿಸಿದ್ದಾರೆ. ಆದರೂ ಎಷ್ಟು ಬಾಯಲ್ಲಿ ಗಾಯದ ಗುರುತು ಕಾಣುತ್ತದೆ!

ಗ್ಲಾಂಡರ್ಸ್ ಎಂಬ ರೋಗದ ಹೆಸರು ಕೇಳಿಲ್ಲದವರು ಕುದುರೆ ಕೊಳ್ಳಲು ಹೊರಡಬಾರದು. ಮೂಗಿನಿಂದ ಅಂಟು ಅಂಟಾಗಿ ಸುರಿಯುತ್ತದೆ, ಚರ್ಮದ ಮೇಲೆ ಗಂಟು ಎದ್ದು ಒಡೆಯುತ್ತವೆ. ಕೆಲವು ಕುದುರೆಗಳಲ್ಲಿ ಹೊರಗೆ ಏನೂ ಕಾಣುವುದೇ ಇಲ್ಲ. ಲಸಿಕೆ ಇಲ್ಲ. ಮನುಷ್ಯರಿಗೂ ಹರಡುತ್ತದೆ. ಖಚಿತವಾದರೆ ಕುದುರೆಯನ್ನು ದಯಾಮರಣಕ್ಕೆ ಒಪ್ಪಿಸಬೇಕು, ಬೇರೆ ದಾರಿ ಇಲ್ಲ. ರಕ್ತದ ಮಾದರಿಯನ್ನು ಪಶು ಇಲಾಖೆ ಮೂಲಕ ಪರೀಕ್ಷೆಗೆ ಕಳಿಸಬಹುದು. ದೇಶದಲ್ಲಿ ಇದಕ್ಕೆ ದೊಡ್ಡ ಕೇಂದ್ರ ಹರಿಯಾಣದ ಹಿಸಾರ್‌ನಲ್ಲಿದೆ. ವರದಿ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ, ಹೊಸ ಕುದುರೆಯನ್ನು ಮನೆಯ ಕುದುರೆಗಳ ಪಕ್ಕ ಕಟ್ಟಲೂಬೇಡಿ. ನೀರಿನ ಬಕೆಟ್ಟೂ ಬೇರೆ ಇರಲಿ. ನಾಲ್ಕು ರಾಜ್ಯದ ಕುದುರೆ ಒಂದೇ ಜಾತ್ರೆಯಲ್ಲಿ ಸೇರುವ ಕಡೆಯಿಂದ ತಂದರಂತೂ ಇದು ಕಡ್ಡಾಯ ಅಂದುಕೊಳ್ಳಿ.

ಜಾತ್ರೆ ಅಂದೆನಲ್ಲ, ನಮ್ಮ ರಾಜ್ಯದ ದೊಡ್ಡ ದನದ ಜಾತ್ರೆಗಳಲ್ಲಿ ಎತ್ತಿಗೆ ಸಿಗುವ ಜಾಗ ಕುದುರೆಗೆ ಸಿಗುವುದಿಲ್ಲ. ಅದಕ್ಕೇ ನಮ್ಮ ಕಡೆಯವರು ಮಹಾರಾಷ್ಟ್ರದ ದಾರಿ ಹಿಡಿಯುತ್ತಾರೆ. ಸೊಲ್ಲಾಪುರ ಜಿಲ್ಲೆಯ ಅಕಲೂಜ್, ನಾಂದೇಡ ಕಡೆಯ ಮಾಳೇಗಾಂವ್ ಖಂಡೋಬಾ ಜಾತ್ರೆ, ದತ್ತ ಜಯಂತಿಗೆ ತಾಪಿ ದಂಡೆಯ ಸಾರಂಗಖೇಡಾ. ಒಮ್ಮೆಯಾದರೂ ಹೋಗಿ ನೋಡಬೇಕಾದ್ದೇ. ಆದರೆ ಮೊದಲ ಸಲ ಹೋಗುವಾಗ ಜೇಬಿನಲ್ಲಿ ಊಟದ ದುಡ್ಡು ಮಾತ್ರ ಇರಲಿ. ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಹೇಳುವಾಗ ದಲ್ಲಾಳಿ ಯಾರ ಕಡೆ ಇದ್ದಾನೆ ಎಂದು ತಿಳಿಯುವುದಕ್ಕೇ ಒಂದು ದಿನ ಬೇಕು. ಸಾಮಾನ್ಯವಾಗಿ ಅವನು ಅವನ ಕಡೆಯೇ ಇರುತ್ತಾನೆ.

ಕೊಳ್ಳುವ ದುಡ್ಡು ದುಡ್ಡೇ ಅಲ್ಲ. ಸಾಕುವುದರಲ್ಲಿ ಇದೆ ಲೆಕ್ಕ. 400 ಕಿಲೋ ತೂಗುವ ಕುದುರೆಗೆ ದಿನಕ್ಕೆ ಒಣಮೇವು, ಕಾಳು ಎಲ್ಲಾ ಸೇರಿ 8ರಿಂದ 10 ಕಿಲೋ ಬೇಕು. ನೀರು 30 ಲೀಟರಿನ ಆಸುಪಾಸು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಹುರುಳಿ ನೆನೆಸಿ ಹಾಕುವ ನಮ್ಮ ಹಳೇ ಪದ್ಧತಿ ಒಳ್ಳೆಯದೇ, ಆದರೆ ಮೇವು ಕಡಿಮೆ ಮಾಡಿ ಕಾಳು ಜಾಸ್ತಿ ಮಾಡಿದರೆ ಹೊಟ್ಟೆಶೂಲೆ ಗ್ಯಾರಂಟಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದು ಕೆಟ್ಟರೆ ಒಳಗೇ ಕೆಟ್ಟು ಕೊಲ್ಲುತ್ತದೆ. ಬೂಸ್ಟು ಹಿಡಿದ ಮೆಕ್ಕೆಜೋಳ ಹಾಕಲೇಬಾರದು. ಮನೆಯಲ್ಲಿ ಹೇಗೂ ಇದೆ ಅಂತ ದನದ ಆಹಾರದ ಚೀಲ ಬಿಚ್ಚುವುದೂ ಬೇಡ. ಅದಕ್ಕೆ ಸೇರಿಸುವ ಕೆಲವು ಔಷಧಿ ಕುದುರೆಗೆ ವಿಷ. ಧನುರ್ವಾಯು ಲಸಿಕೆ ತಪ್ಪಿಸಬಾರದು, ಒಂದು ಮೊಳೆ ಚುಚ್ಚಿದರೂ ಸಾಕು, ಕುದುರೆಗೆ ಅದು ಬೇಗ ಬರುತ್ತದೆ. ಆರೇಳು ವಾರಕ್ಕೊಮ್ಮೆ ಗೊರಸು ಕೆತ್ತಿ ಲಾಳ ಬದಲಿಸಬೇಕು. ಈಗ ಕೇಳಿ, ನಿಮ್ಮ ತಾಲ್ಲೂಕಿನಲ್ಲಿ ಲಾಳ ಕಟ್ಟುವವರು ಎಷ್ಟು ಜನ ಇದ್ದಾರೆ? ಎತ್ತಿಗೆ ಕಟ್ಟುವವರ ಲೆಕ್ಕ ಬೇಡ, ಅದೇ ಬೇರೆ ಕೆಲಸ. ಜಟಕಾ ಹೋದವು, ಅವುಗಳ ಜೊತೆ ಆ ಕೈಗಳೂ ಹೋದವು. ಮೈಸೂರಿನಲ್ಲಿ ಟಾಂಗಾ ಇನ್ನೂ ಉಳಿದಿರುವುದರಿಂದ ಅಲ್ಲಿ ಹುಡುಕಿದರೆ ಸಿಗುತ್ತಾರೆ.

ಹಾಗಾದರೆ ಯಾವ ಕುದುರೆ ತಗೊಳ್ಳಬೇಕು? ನೀವು ತೋಟದಲ್ಲಿ ಒಂದು ಸುತ್ತು ಹಾಕಬೇಕು, ಮಕ್ಕಳು ಹತ್ತಬೇಕು, ಊರ ದಾರಿಯಲ್ಲಿ ಹೆದರಬಾರದು ಅನ್ನುವವರಾದರೆ ನನ್ನ ಓಟು ಯಾರೂ ಜಾಹೀರಾತು ಹಾಕದ ನಮ್ಮ ನಾಡು ತಟ್ಟುವಿಗೆ. ಬೆಳಗಾವಿ, ಬಾಗಲಕೋಟೆ ಕಡೆ ಕುರುಬರು ಕುರಿ ಹಿಂಡಿನ ಜೊತೆ ಊರೂರು ಅಲೆಯುವಾಗ ಪಾತ್ರೆ, ಕಂಬಳಿ, ಕುರಿಮರಿ ಎಲ್ಲವನ್ನೂ ಹೊತ್ತು ನಡೆಯುತ್ತವಲ್ಲ, ಆ ಗಿಡ್ಡ ಕುದುರೆ. ನಾಯಿ ಬೊಗಳಿದರೂ ಲಾರಿ ಹೋದರೂ ಕಿವಿ ಅಲ್ಲಾಡಿಸುವುದಿಲ್ಲ. ಸಿಕ್ಕಿದ್ದು ತಿಂದು ಗಟ್ಟಿಯಾಗಿರುತ್ತದೆ. ಗೊರಸು ಕಲ್ಲಿನ ಹಾಗೆ. ಗಡಿಯಾಚೆ ಪುಣೆ, ಸೊಲ್ಲಾಪುರ ಸೀಮೆಯಲ್ಲಿ ಧನಗರರು ಸಾಕುವ ಭೀಮಾ ದಂಡೆಯ ಇಂಥದ್ದೇ ಕುದುರೆಗೆ ಭೀಮಥಡಿ ಎಂಬ ಹೆಸರಿನಲ್ಲಿ ಇತ್ತೀಚೆಗೆ ಕರ್ನಾಲ್‌ನ ರಾಷ್ಟ್ರೀಯ ಸಂಸ್ಥೆಯಿಂದ ಅಧಿಕೃತ ತಳಿಯ ಪಟ್ಟ ಸಿಕ್ಕಿದೆ. ಮರಾಠರ ದಂಡು ದಖ್ಖನ್ನಿನ ತುಂಬಾ ಓಡಾಡಿದ್ದು ಇಂಥ ಕುದುರೆಗಳ ಮೇಲೆ. ಭೀಮೆ ಅಲ್ಲಿಗೇ ನಿಲ್ಲದೆ ನಮ್ಮ ವಿಜಯಪುರ, ಕಲಬುರಗಿ, ಯಾದಗಿರಿಗೂ ಹರಿದು ಬರುತ್ತಾಳೆ. ನಮ್ಮ ಕಡೆಯ ತಟ್ಟುಗಳನ್ನೂ ಯಾರಾದರೂ ಕೂತು ಅಳೆದು, ಲೆಕ್ಕ ಹಾಕಿ, ದಾಖಲೆ ಮಾಡಬೇಕು ಎನ್ನುವುದು ನನ್ನ ಬಹಳ ದಿನದ ಆಸೆ. ವಿಶ್ವವಿದ್ಯಾಲಯದವರು ಯಾರಾದರೂ ಇದನ್ನು ಓದುತ್ತಿದ್ದರೆ ಕಿವಿಗೆ ಹಾಕಿಕೊಳ್ಳಿ.

ಒಂದೇ ಕಷ್ಟ, ತಟ್ಟು ಹತ್ತಿ ಫೋಟೋ ಹಾಕಿದರೆ ಲೈಕು ಬರುವುದಿಲ್ಲ. ದೊಡ್ಡವರು, ತೂಕ ಇರುವವರು ಅದರ ಮೇಲೆ ಕೂರಲೂಬಾರದು. ಅಂಥವರು ಮಧ್ಯಮ ಎತ್ತರದ, ಏಳೆಂಟು ವರ್ಷ ದಾಟಿದ, ಸವಾರಿ ಶಾಲೆಯಲ್ಲಿ ಹತ್ತಾರು ಜನರನ್ನು ಹೊತ್ತು ಪಳಗಿದ ಕುದುರೆಯನ್ನು ಹುಡುಕಲಿ. ಅದು ಮಾರ್ವಾಡಿಯೋ ಬೆರಕೆಯೋ ಅನ್ನುವುದು ಅವರ ಸೊಂಟಕ್ಕೆ ಗೊತ್ತಾಗುವುದಿಲ್ಲ.

ಮಾರುವವರಿಗೂ ಒಂದು ವಿನಂತಿ. ಜಾಹೀರಾತಿನಲ್ಲಿ ನಾಲ್ಕು ಸಾಲು ಜಾಸ್ತಿ ಬರೆಯಿರಿ. ಹಲ್ಲಿನ ಫೋಟೋ, ನಾಲ್ಕು ಕಾಲಿನ ಫೋಟೋ, ಹಗ್ಗ ಸಡಿಲ ಬಿಟ್ಟು ನಡೆಸಿದ ವಿಡಿಯೋ, ಲಸಿಕೆಯ ಚೀಟಿ ಹಾಕಿ. ಒದೆಯುವ ಅಭ್ಯಾಸ ಇದ್ದರೆ ಇದೆ ಅನ್ನಿ. ಅದನ್ನು ಸಂಭಾಳಿಸುವ ಗಿರಾಕಿ ಇದ್ದೇ ಇರುತ್ತಾನೆ, ಅವನೇ ಬರುತ್ತಾನೆ. ಕೈ ಬದಲಾಗುವಾಗ ಒಂದು ಬಿಳಿ ಹಾಳೆಯಲ್ಲಾದರೂ ಬಣ್ಣ, ಗುರುತು, ದಿನಾಂಕ, ಇಬ್ಬರ ಸಹಿ ಇರಲಿ. ಟೆಂಪೋ ಹತ್ತಿಸುವ ಮುಂಚೆ ಪಶುವೈದ್ಯರ ಸರ್ಟಿಫಿಕೇಟ್ ಮಾಡಿಸಿ, ಸಾಗಾಟಕ್ಕೆ ಅದು ಕಾನೂನಿನ ಪ್ರಕಾರವೇ ಬೇಕು.

ಹಾವೇರಿ, ಗದಗ, ಧಾರವಾಡ ಕಡೆ ಕುದುರೆಗೆ ಚೆನ್ನಾಗಿ ಲಾಳ ಕಟ್ಟುವವರು ಯಾರಿಗಾದರೂ ಗೊತ್ತಿದ್ದರೆ ಕಾಮೆಂಟಿನಲ್ಲಿ ಊರಿನ ಹೆಸರು ಹಾಕಿ, ನಂಬರ್ ಇನ್‌ಬಾಕ್ಸ್‌ಗೆ ಕಳಿಸಿ. ಕೇಳುವವರು ಬಹಳ ಜನ ಇದ್ದಾರೆ. ಮಾರಾಟದ ಪೋಸ್ಟನ್ನು ಮಾತ್ರ ದಯವಿಟ್ಟು ಇದರ ಕೆಳಗೆ ಹಾಕಬೇಡಿ, ಅಳಿಸುತ್ತೇನೆ.